ಅಪ್ಪನ ಡಿಸ್ಚಾರ್ಜ್ ಬುಕ್‌ನಲ್ಲಿ ಆ ಒಂದು ವರ್ಷ ಇಲ್ಲ. ಸರಿಮಾಡಿಸುವುದು ಹೇಗೆ?

ಕೇಳಿದವರು: ಮಗಳು, ಅರಕಲಗೂಡು

ನಮ್ಮಪ್ಪ 1966ರಲ್ಲಿ ಸೇನೆಗೆ ಸೇರಿದವರು. 1971ರ ಯುದ್ಧದ ಹೊತ್ತಿಗೆ ಜಮ್ಮುವಿನ ಛಾಂಬ್ ಕಡೆ ಇದ್ದರು. ಡಿಸೆಂಬರ್ ಮೊದಲ ವಾರದಲ್ಲೇ ಪಾಕಿಸ್ತಾನದವರಿಗೆ ಸೆರೆಸಿಕ್ಕರು. ಹತ್ತಿರ ಹತ್ತಿರ ಒಂದು ವರ್ಷ ಅಲ್ಲೇ ಕಳೆದು, 1972ರ ಡಿಸೆಂಬರ್ 1ರಂದು ವಾಘಾ ಗಡಿ ದಾಟಿ ಬಂದರು. ಮನೆಗೆ ಮೊದಲು ಬಂದದ್ದು 'ಕಾಣೆಯಾಗಿದ್ದಾರೆ' ಅನ್ನುವ ತಂತಿ. ಅಜ್ಜಿ ಎರಡು ತಿಂಗಳು ಸರಿಯಾಗಿ ಊಟ ಮಾಡಲಿಲ್ಲವಂತೆ.

ಮೊನ್ನೆ ಪಿಂಚಣಿ ಕೆಲಸಕ್ಕೆ ಅಂತ ಡಿಸ್ಚಾರ್ಜ್ ಬುಕ್ (ನಿವೃತ್ತಿಯ ಹೊತ್ತಿಗೆ ಸೇನೆ ಕೊಡುವ ಸೇವಾ ಪುಸ್ತಕ) ತೆಗೆದು ನಿಧಾನವಾಗಿ ಓದಿದೆ. ಸೆರೆಯ ಬಗ್ಗೆ ಒಂದು ಅಕ್ಷರವೂ ಇಲ್ಲ. ಪದಕಗಳ ಜಾಗದಲ್ಲಿ ಸೈನ್ಯ ಸೇವಾ ಪದಕ, ಒಂಬತ್ತು ವರ್ಷದ ದೀರ್ಘ ಸೇವಾ ಪದಕ, ಇಷ್ಟೇ. 1971ರಲ್ಲಿ ಪಶ್ಚಿಮದ ರಂಗದಲ್ಲಿದ್ದವರಿಗೆ ಕೊಟ್ಟ ಪಶ್ಚಿಮಿ ಸ್ಟಾರ್ ಪದಕ ಕೂಡ ಇಲ್ಲ. ಅಪ್ಪನನ್ನು ಕೇಳಿದರೆ 'ಬಿಡು ಮಗಾ, ಈಗ್ಯಾಕೆ' ಅಂತಾರೆ. ನನಗೆ ಬಿಡೋಕೆ ಮನಸ್ಸಿಲ್ಲ. ಸೇನೆಯ ರೆಕಾರ್ಡ್ಸ್ ಕಚೇರಿಗೆ ಒಂದು ಅರ್ಜಿ ಹಾಕಿದೆ, ದಾಖಲೆಯಲ್ಲಿ ಹಾಗೇನೂ ಕಾಣುತ್ತಿಲ್ಲ ಅಂತ ಎರಡು ಸಾಲಿನ ಉತ್ತರ ಬಂತು. ಯಾರಾದರೂ ಇಂಥ ದಾಖಲೆ ಸರಿಮಾಡಿಸಿದ್ದೀರಾ?

ಮಡಿಕೇರಿಯಿಂದ

ದಾರಿ ಗೊತ್ತಿರುವವರು ಹೇಳುತ್ತಾರೆ. ನಾನು ಅಪ್ಪನ 'ಬಿಡು ಮಗಾ' ಬಗ್ಗೆ ಮಾತ್ರ ಹೇಳುತ್ತೇನೆ. ಆ ತಲೆಮಾರಿನ ಬಹಳ ಜನರಿಗೆ ಸೆರೆಸಿಕ್ಕಿದ್ದು ನಾಚಿಕೆ ಅನ್ನಿಸುತ್ತದೆ. ನಮ್ಮ ದೊಡ್ಡಪ್ಪನಿಗೂ ಹಾಗೇ ಇತ್ತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಮಗನ ವಿಷಯ ನೆನಪು ಮಾಡಿ. 1965ರ ಸೆಪ್ಟೆಂಬರ್ 22ರಂದು, ಕದನ ವಿರಾಮಕ್ಕೆ ಸ್ವಲ್ಪ ಮುಂಚೆ ಅವರ ಹಂಟರ್ ವಿಮಾನ ಬಿದ್ದು ಸೆರೆಯಾದರು. ಬಿಟ್ಟು ಕಳಿಸುತ್ತೇವೆ ಅಂತ ಆ ಕಡೆಯಿಂದ ಮಾತು ಬಂದಾಗ, ನನ್ನ ಮಗನಿಗೆ ಬೇರೆ ಕೈದಿಗಳಿಗಿಂತ ಜಾಸ್ತಿ ಏನೂ ಬೇಡ ಅಂತ ಕಾರ್ಯಪ್ಪನವರು ಹೇಳಿ ಕಳಿಸಿದರು. ಅದೇ ಮಗ ವಾಪಸ್ ಬಂದು, ಸೇವೆ ಮುಂದುವರಿಸಿ, ಏರ್ ಮಾರ್ಷಲ್ ಆದರು. ಸೆರೆಸಿಕ್ಕಿದ್ದು ಯಾರಿಗೂ ಕಳಂಕ ಅಲ್ಲ. ಇದನ್ನು ಹೇಳಿದ ಮೇಲೆಯೇ ದೊಡ್ಡಪ್ಪ ಬಾಯಿ ಬಿಟ್ಟದ್ದು.

ಬೆಂಗಳೂರಿನಿಂದ, ನಿವೃತ್ತ ಸುಬೇದಾರ್, ಕ್ಲರ್ಕ್ ಶಾಖೆ

ಅಮ್ಮಾ, ನಾನು ಇಪ್ಪತ್ತಾರು ವರ್ಷ ಇದೇ ಕಾಗದಗಳ ನಡುವೆ ಇದ್ದವನು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು. ನೀವು ಬಹುಶಃ 'ನಮ್ಮ ತಂದೆ ಯುದ್ಧಕೈದಿ ಆಗಿದ್ದರು, ದಯವಿಟ್ಟು ಸೇರಿಸಿ' ಅಂತ ಬರೆದಿದ್ದೀರಿ. ಅಲ್ಲಿ ಕೂತ ಹುಡುಗ ಕಂಪ್ಯೂಟರ್ ನೋಡುತ್ತಾನೆ, ಅದರಲ್ಲಿ ಇಲ್ಲ, ಇಲ್ಲ ಅಂತ ಬರೆಯುತ್ತಾನೆ. ಕಚೇರಿ ನಿಮ್ಮನ್ನು ನಂಬಬೇಕು ಅಂತ ಕೇಳಬೇಡಿ. ಕಚೇರಿಯೇ 1971ರಲ್ಲಿ ಬರೆದದ್ದನ್ನು ಹುಡುಕಿ ಕೊಡಿ ಅಂತ ಕೇಳಿ.

ಸಿಪಾಯಿಗೆ ಏನೇ ಆದರೂ, ರಜೆ, ಬಡ್ತಿ, ಗಾಯ, ಮದುವೆ, ಮಗು ಹುಟ್ಟಿದ್ದು, ಎಲ್ಲ ಪಾರ್ಟ್ ಟು ಆರ್ಡರ್ ಅನ್ನೋ ಅಧಿಕೃತ ಪ್ರಕಟಣೆಯಲ್ಲಿ ಬರುತ್ತದೆ. ಸೆರೆಯೂ ಹಾಗೇ. ಸಾಮಾನ್ಯವಾಗಿ ಮೂರು ಪ್ರಕಟಣೆ ಇರುತ್ತವೆ. ಮೊದಲು 'ಕಾಣೆ'. ರೆಡ್ ಕ್ರಾಸ್ ಮೂಲಕ ಹೆಸರು ಬಂದ ಮೇಲೆ 'ಯುದ್ಧಕೈದಿ'. ಬಿಡುಗಡೆ ಆದ ಮೇಲೆ 'ವಾಪಸಾತಿ'. ಮನೆಗೆ ತಂತಿ ಬಂದಿದೆ ಅಂದರೆ ಕಾಣೆಯಾದ ವರದಿ ಕಚೇರಿಗೆ ತಲುಪಿತ್ತು ಅಂತಲೇ ಅರ್ಥ. ಆ ತಂತಿ ಇನ್ನೂ ಇದೆಯಾ? ಇದ್ದರೆ ಅದು ಬಂಗಾರ. ಟ್ರಂಕಿನ ತಳದಲ್ಲಿ, ದೇವರ ಮನೆಯ ಡಬ್ಬದಲ್ಲಿ ಹುಡುಕಿ.

ಈ ಆರ್ಡರ್‌ಗಳಿಂದ ಶೀಟ್ ರೋಲ್‌ಗೆ ನಮೂದು ಹೋಗುತ್ತದೆ. ಶೀಟ್ ರೋಲ್ ಅಂದರೆ ಆ ಸಿಪಾಯಿಯ ಇಡೀ ಸೇವೆಯ ಜಾತಕ. ಡಿಸ್ಚಾರ್ಜ್ ಬುಕ್ ತುಂಬುವುದು ನಿವೃತ್ತಿಯ ಹೊತ್ತಿಗೆ, ಅದನ್ನು ನೋಡಿಕೊಂಡು ಸಂಕ್ಷಿಪ್ತವಾಗಿ. ಅವಸರದಲ್ಲಿ ಎಷ್ಟೋ ಬಿಟ್ಟುಹೋಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಡಿಸ್ಚಾರ್ಜ್ ಬುಕ್‌ನಲ್ಲಿ ಇಲ್ಲ ಅಂದ ಮಾತ್ರಕ್ಕೆ ದಾಖಲೆಯಲ್ಲೇ ಇಲ್ಲ ಅಂತ ಆಗುವುದಿಲ್ಲ.

ಈಗ ಹೀಗೆ ಮಾಡಿ. ಮಾಹಿತಿ ಹಕ್ಕಿನಲ್ಲಿ, 10 ರೂಪಾಯಿ ಶುಲ್ಕ ಕಟ್ಟಿ, ತಂದೆಯವರ ಸಹಿಯಲ್ಲೇ ಅರ್ಜಿ ಹಾಕಿ. ಅವರು ಬದುಕಿರುವಾಗ ಅವರ ಹೆಸರಲ್ಲೇ ಹೋಗಬೇಕು. ಮಗಳ ಹೆಸರಲ್ಲಿ ಹೋದರೆ ಬೇರೆಯವರ ಖಾಸಗಿ ಮಾಹಿತಿ ಅಂತ ತಳ್ಳಿಬಿಡಬಹುದು. ಮೂರು ವಿಷಯ ಕೇಳಿ. ಶೀಟ್ ರೋಲ್‌ನ ದೃಢೀಕೃತ ಪ್ರತಿ. ಕಾಣೆ, ಸೆರೆ, ವಾಪಸಾತಿ ಕುರಿತ ಪಾರ್ಟ್ ಟು ಆರ್ಡರ್‌ಗಳ ಸಂಖ್ಯೆ, ತಾರೀಕು ಮತ್ತು ಪ್ರತಿ. ಯಾವ ಯಾವ ಪದಕಕ್ಕೆ ಅರ್ಹತೆ ಇದೆ, ಯಾವುದನ್ನು ಯಾವಾಗ ಕಳಿಸಿದ್ದಾರೆ ಅನ್ನೋ ವಿವರ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಸುಮ್ನೆ ಕೂರಬೇಡಿ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಪ್ರತಿ ಕೈಗೆ ಬಂದ ಮೇಲೆ ತಿದ್ದುಪಡಿ ಅರ್ಜಿ. ರೆಕಾರ್ಡ್ಸ್ ಕಚೇರಿಯ ಆಫೀಸರ್ ಇನ್ ಚಾರ್ಜ್‌ಗೆ ಬರೆಯಿರಿ, ಸ್ಪೀಡ್ ಪೋಸ್ಟ್‌ನಲ್ಲಿ. ಒಂದು ಪ್ರತಿ ಹಾಸನದ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಕೊಟ್ಟು, ಅವರ ಮೂಲಕವೂ ಕಳಿಸಿ. ಯಾವ ರೆಜಿಮೆಂಟೋ ಅದರ ರೆಕಾರ್ಡ್ಸ್‌ಗೇ ಹೋಗಬೇಕು: ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ಆದರೆ ತಮಿಳುನಾಡಿನ ವೆಲ್ಲಿಂಗ್ಟನ್, ಆರ್ಟಿಲರಿ ಆದರೆ ನಾಸಿಕ್ ರೋಡ್. ಆರ್ಮಿ ನಂಬರ್ ಬರೆಯುವಾಗ ಕೊನೆಯ ಇಂಗ್ಲಿಷ್ ಅಕ್ಷರ ಬಿಡಬೇಡಿ. ಹೆಸರಿಗಿಂತ ನಂಬರ್ ಮುಖ್ಯ. ನಮ್ಮ ಕಡೆಯ ಹೆಸರುಗಳನ್ನು ಉತ್ತರದ ಕ್ಲರ್ಕ್‌ಗಳು ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾರೆ. ತಿಮ್ಮಯ್ಯ ಒಂದು ಕಡೆ ತಿಮ್ಮಾಯ, ಇನ್ನೊಂದು ಕಡೆ ತಿಮಯ್ಯ ಆಗಿರುತ್ತಾನೆ. ಹಾಗಿದ್ದರೆ ಎಲ್ಲವೂ ಒಬ್ಬರದೇ ಹೆಸರು ಅಂತ ಅಫಿಡವಿಟ್ ಮಾಡಿಸಿ ಲಗತ್ತಿಸಿ.

ಇನ್ನು ಪದಕ. ನಮ್ಮ ದೇಶದಲ್ಲಿ ಯುದ್ಧಕೈದಿ ಪದಕ ಅಂತ ಬೇರೆ ಇಲ್ಲ. ಅದನ್ನು ಕೇಳಿ ಅರ್ಜಿ ಕೆಡಿಸಬೇಡಿ. ಪಶ್ಚಿಮದ ರಂಗದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಜೊತೆಗೆ ಸಂಗ್ರಾಮ ಪದಕ. ಇನ್ನೊಂದಿದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಸ್ವಾತಂತ್ರ್ಯದ 25ನೇ ವರ್ಷದ ಪದಕ. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಕೊಟ್ಟದ್ದು. ಆ ದಿನ ನಿಮ್ಮ ತಂದೆ ಪಾಕಿಸ್ತಾನದ ಸೆರೆಯಲ್ಲಿದ್ದರು. ಆದರೂ ಅವರು ಸೇವೆಯಲ್ಲಿದ್ದ ಸಿಪಾಯಿಯೇ ಅಲ್ವಾ? ಅದನ್ನೂ ಕೇಳಿ. ಸೆರೆಸಿಗುವಾಗ ಗಾಯ ಆಗಿತ್ತೇ ಅನ್ನುವುದನ್ನೂ ವಿಚಾರಿಸಿ. ಶತ್ರುವಿನ ಗುಂಡಿನಿಂದ ಗಾಯ ಆದವರಿಗೆ ಇರುವ ಪದಕಕ್ಕೆ ಈಗ ಪರಾಕ್ರಮ ಪದಕ ಅಂತ ಹೆಸರು.

ಅರ್ಜಿಯಲ್ಲಿ 'ಪದಕ ಕಳೆದುಹೋಗಿದೆ' ಅಂತ ಯಾವ ಕಾರಣಕ್ಕೂ ಬರೆಯಬೇಡಿ. ಕಳೆದುಹೋದದ್ದಕ್ಕೆ ಬೇರೆ ದಾರಿ, ಬರಲೇ ಇಲ್ಲದ್ದಕ್ಕೆ ಬೇರೆ ದಾರಿ. 'ಈವರೆಗೆ ಕೊಟ್ಟಿಲ್ಲ' ಅಂತಲೇ ಬರೆಯಿರಿ. ಹಾಗೆಯೇ ಡಿಸ್ಚಾರ್ಜ್ ಬುಕ್‌ನ ಒಟ್ಟು ಸೇವೆಯ ಲೆಕ್ಕದಲ್ಲಿ ಆ ಒಂದು ವರ್ಷ ಸೇರಿದೆಯಾ ಕೂಡಿಸಿ ನೋಡಿ.

ಗದಗದಿಂದ

ಸುಬೇದಾರ್ ಸಾಹೇಬರ ದಾರಿ ಪಿಂಚಣಿದಾರರಿಗೆ ಸರಿ. ನಮ್ಮ ತಂದೆ ಪಿಂಚಣಿ ಆಗುವ ಮುಂಚೆಯೇ ಬಿಟ್ಟು ಬಂದವರು. ಪಿಂಚಣಿ ಇಲ್ಲದವರ ಕಾಗದಗಳನ್ನು 25 ವರ್ಷದ ನಂತರ ನಾಶ ಮಾಡುತ್ತಾರೆ. ನಮಗೆ ಸಿಕ್ಕಿದ್ದು ಲಾಂಗ್ ರೋಲ್‌ನ (ಸೇರಿದವರೆಲ್ಲರ ಹೆಸರಿರುವ ದಾಖಲೆ ಪುಸ್ತಕ) ಒಂದು ಸಾಲು ಮಾತ್ರ. ಸೇರಿದ ದಿನ, ಬಿಟ್ಟ ದಿನ, ಮುಗೀತು.

ನಮಗೆ ಕೈ ಹಿಡಿದದ್ದು ಜಿನೀವಾದ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ. 1949ರ ಜಿನೀವಾ ಒಪ್ಪಂದದ ಪ್ರಕಾರ, ಸೆರೆಸಿಕ್ಕವನು ಶಿಬಿರಕ್ಕೆ ಬಂದ ಒಂದು ವಾರದೊಳಗೆ ಮನೆಗೊಂದು, ಜಿನೀವಾಕ್ಕೊಂದು ಕಾರ್ಡ್ ಬರೆಯಲು ಅವಕಾಶ ಕೊಡಬೇಕು. 1971ರ ನಂತರ ಅವರ ಪ್ರತಿನಿಧಿಗಳು ಎರಡೂ ದೇಶದ ಶಿಬಿರಗಳಿಗೆ ಹೋಗುತ್ತಿದ್ದರು. ಅಪ್ಪ ಹೇಳುತ್ತಿದ್ದ ಲೈಲ್‌ಪುರದ ಶಿಬಿರಕ್ಕೂ ಹೋಗಿದ್ದರು. ಆ ಊರಿಗೆ ಈಗ ಫೈಸಲಾಬಾದ್ ಅಂತ ಹೆಸರು. ಅಲ್ಲಿನ ಹೆಸರು ಪಟ್ಟಿ ಅವರ ಬಳಿ ಇರುತ್ತದೆ. ಮಾಜಿ ಕೈದಿಗೆ ಅಥವಾ ಹತ್ತಿರದ ಸಂಬಂಧಿಗೆ ಸೆರೆಯ ದೃಢೀಕರಣ ಪತ್ರ ಕೊಡುತ್ತಾರೆ. ವರ್ಷದಲ್ಲಿ ಕೆಲವೇ ಸಲ, ಮಿತಿ ಹಾಕಿ ಅರ್ಜಿ ತಗೊಳ್ಳುತ್ತಾರೆ. ನಾನು ಎರಡು ಸಲ ತಪ್ಪಿಸಿಕೊಂಡು ಮೂರನೇ ಸಲ ಹಾಕಿದೆ. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಬಂದ ಪತ್ರದಲ್ಲಿ ಅಪ್ಪನ ಹೆಸರು ತಪ್ಪಾಗಿತ್ತು, ನಂಬರ್ ಸರಿಯಾಗಿತ್ತು. ಅಷ್ಟು ಸಾಕಾಯಿತು.

ಅಷ್ಟರಲ್ಲಿ ಅಪ್ಪ ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ರೆಕಾರ್ಡ್ಸ್ ಕಚೇರಿಯ ಉತ್ತರ ಕಾಯುವುದರ ಜೊತೆಗೇ ರೆಡ್ ಕ್ರಾಸ್ ಅರ್ಜಿಯನ್ನೂ ಹಾಕಿಬಿಡಿ. ಒಂದಾದ ಮೇಲೆ ಒಂದು ಅಂತ ಇಟ್ಟುಕೊಳ್ಳಬೇಡಿ.

ಮೈಸೂರಿನಿಂದ

ನಮ್ಮದು ಇನ್ನೂ ಹಳೆಯ ಕಥೆ, ಆದರೆ ಯಾರಿಗಾದರೂ ಬೇಕಾಗಬಹುದು. ನಮ್ಮ ಮುತ್ತಜ್ಜ ಮೈಸೂರು ಸಂಸ್ಥಾನದ ಒಂದನೇ ಮೈಸೂರು ಇನ್‌ಫೆಂಟ್ರಿಯಲ್ಲಿದ್ದರು. 1942ರ ಫೆಬ್ರುವರಿ 15ರಂದು ಸಿಂಗಾಪುರ ಬಿದ್ದಾಗ ಆ ಪಡೆಯೂ ಜಪಾನಿಯರ ಕೈಗೆ ಸಿಕ್ಕಿತು. ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿಗೆ ಸೇರಿತು. ಹಾಗಾಗಿ ಹುಡುಕಾಟ ಎರಡು ಕಡೆ: ಒಂದು ವೆಲ್ಲಿಂಗ್ಟನ್, ಇನ್ನೊಂದು ಸಂಸ್ಥಾನದ ಹಳೆಯ ಕಡತಗಳಿರುವ ಕರ್ನಾಟಕ ರಾಜ್ಯ ಪತ್ರಾಗಾರ.

ಮಲಯಾದಲ್ಲಿ 1941ರ ಡಿಸೆಂಬರ್ 8ರಿಂದ ಸಿಂಗಾಪುರ ಬೀಳುವವರೆಗೆ ಇದ್ದವರಿಗೆ ಪೆಸಿಫಿಕ್ ಸ್ಟಾರ್ ಸಲ್ಲುತ್ತದೆ. ಮನೆಯಲ್ಲಿ ಎಲ್ಲರೂ ಬರ್ಮಾ ಸ್ಟಾರ್ ಅಂತ ಹೇಳುತ್ತಿದ್ದರು. ಅದನ್ನೇ ಬರೆದು ಒಂದು ವರ್ಷ ಹಾಳು ಮಾಡಿಕೊಂಡೆ. ಮನೆಮಾತನ್ನು ನಂಬಿ ಅರ್ಜಿ ಬರೆಯಬಾರದು ಅಂತ ಆಗ ಕಲಿತೆ.

ಇನ್ನೊಂದು ಸೂಕ್ಷ್ಮ. ಅಲ್ಲಿ ಸೆರೆಯಾದವರಲ್ಲಿ ಸಾವಿರಾರು ಜನ ಆಜಾದ್ ಹಿಂದ್ ಫೌಜ್ ಸೇರಿದರು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಅವರನ್ನು ಬಿಳಿ, ಬೂದು, ಕಪ್ಪು ಅಂತ ವಿಂಗಡಿಸಿ, ಕಪ್ಪು ಪಟ್ಟಿಯವರನ್ನು ವಜಾ ಮಾಡಿದರು. ಮುತ್ತಜ್ಜನ ಕಾಗದದಲ್ಲಿ ಏನು ಬರುತ್ತದೋ ಅಂತ ನಮ್ಮ ಮನೆಯಲ್ಲಿ ಕೆಲವರಿಗೆ ಭಯ ಇತ್ತು. ನನಗಂತೂ ಏನೇ ಬಂದರೂ ತಿಳಿಯಬೇಕು ಅನ್ನಿಸಿತ್ತು. ಹುಡುಕುವ ಮುಂಚೆ ಮನೆಯವರ ಹತ್ತಿರ ಕೂತು ಮಾತಾಡಿ.

ಬೆಳಗಾವಿಯಿಂದ

ಎಲ್ಲ ಕಡೆ ಬಾಗಿಲು ಮುಚ್ಚಿದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ಕರ್ನಾಟಕದವರಿಗೆ ಕೊಚ್ಚಿ ಪೀಠ. ಆದರೆ ಅಲ್ಲಿಗೆ ಹೋಗುವ ಮೊದಲು ಕಚೇರಿಗೆ ಬರೆದು, ಅವರು ಬರವಣಿಗೆಯಲ್ಲಿ ನಿರಾಕರಿಸಿದ್ದು ಕೈಯಲ್ಲಿರಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ನಮ್ಮ ಚಿಕ್ಕಪ್ಪನ ಜೊತೆ ಸೆರೆಯಲ್ಲಿದ್ದ ಇಬ್ಬರು ಬದುಕಿದ್ದರು. ಅವರಿಂದ ಅಫಿಡವಿಟ್ ಬರೆಸಿಕೊಂಡೆವು. ನಿಮ್ಮ ಅಪ್ಪನ ಯುನಿಟ್‌ನವರ ಸಂಘ ಇದ್ದರೆ ಕೇಳಿ. 600ಕ್ಕೂ ಜಾಸ್ತಿ ಜನ ಅದೇ ದಿನ ವಾಘಾದಲ್ಲಿ ಬಂದವರು. ಯಾರಾದರೂ ಸಿಗುತ್ತಾರೆ.

ಮಗಳು, ಅರಕಲಗೂಡು (ಐದು ತಿಂಗಳ ನಂತರ)

ಎಲ್ಲರಿಗೂ ನಮಸ್ಕಾರ. ತಂತಿ ಸಿಗಲಿಲ್ಲ, ಆದರೆ ಅಜ್ಜಿಯ ಟ್ರಂಕಿನಲ್ಲಿ ರೆಡ್ ಕ್ರಾಸ್ ಗುರುತಿನ ಒಂದು ಕಾರ್ಡ್ ಸಿಕ್ಕಿತು. ಅಪ್ಪನ ಕೈಬರಹ, ನಾಲ್ಕು ಸಾಲು, ಕ್ಷೇಮ ಅಂತ. ಅದರ ಪ್ರತಿ ಲಗತ್ತಿಸಿ ಮಾಹಿತಿ ಹಕ್ಕಿನಲ್ಲಿ ಹಾಕಿದೆವು. ಮೊದಲ ಸಲ ಉತ್ತರ ಇಲ್ಲ. ಮೇಲ್ಮನವಿಗೆ ಬಂತು. ಶೀಟ್ ರೋಲ್‌ನಲ್ಲಿ ಮೂರೂ ನಮೂದು ಇವೆ! ಕಾಣೆ, ಯುದ್ಧಕೈದಿ, ವಾಪಸಾತಿ, ಮೂರಕ್ಕೂ ಆರ್ಡರ್ ಸಂಖ್ಯೆ ಇದೆ. ಐವತ್ತು ವರ್ಷ ಅಲ್ಲೇ ಇತ್ತು.

ಅಪ್ಪನಿಗೆ ಓದಿ ಹೇಳಿದೆ. ಸೆರೆಯ ತಾರೀಕು ಡಿಸೆಂಬರ್ 5 ಅಂತ ಇದೆ. 'ಐದಲ್ಲ, ನಾಲ್ಕು. ನಾಲ್ಕನೇ ತಾರೀಕು ಸಂಜೆ' ಅಂದರು. ಆಮೇಲೆ ಆ ಸಂಜೆಯ ಬಗ್ಗೆ ಒಂದೂವರೆ ಗಂಟೆ ಮಾತಾಡಿದರು. ನಾನು ಹುಟ್ಟಿದ ಮೇಲೆ ಇದೇ ಮೊದಲು.

ಪಶ್ಚಿಮಿ ಸ್ಟಾರ್, ಸಂಗ್ರಾಮ ಪದಕ, 25ನೇ ವರ್ಷದ ಪದಕ, ಮೂರಕ್ಕೂ ಅರ್ಹತೆ ಇದೆ, ಕಳಿಸಿದ ದಾಖಲೆ ಇಲ್ಲ ಅಂತ ಬರೆದಿದ್ದಾರೆ. ಈಗ ತಿದ್ದುಪಡಿ ಅರ್ಜಿ ಬರೆಯುತ್ತಿದ್ದೇನೆ. ಒಂದು ದಿನದ ವ್ಯತ್ಯಾಸವನ್ನೂ ಎತ್ತಬೇಕಾ? ಡಿಸ್ಚಾರ್ಜ್ ಬುಕ್‌ನ ಅಸಲು ಕಳಿಸಬೇಕಾ?

ಬೆಂಗಳೂರಿನಿಂದ, ನಿವೃತ್ತ ಸುಬೇದಾರ್

ತುಂಬಾ ಸಂತೋಷ ಆಯ್ತು ತಾಯಿ. ತಂದೆಯವರಿಗೆ ನನ್ನ ಸೆಲ್ಯೂಟ್ ಹೇಳಿ.

ತಾರೀಕಿನ ವಿಷಯ ಈ ಅರ್ಜಿಯಲ್ಲಿ ಎತ್ತಬೇಡಿ. ಈಗ ಶೀಟ್ ರೋಲ್ ನಿಮ್ಮ ಸಾಕ್ಷಿ, ಅದರ ಜೊತೆಗೇ ಜಗಳ ಬೇಡ. ಮೊದಲು ಅದರಲ್ಲಿರುವುದು ಡಿಸ್ಚಾರ್ಜ್ ಬುಕ್‌ಗೆ ಬರಲಿ, ಪದಕ ಬರಲಿ. ನಾಲ್ಕನೇ ತಾರೀಕಿನ ಸಂಜೆಯನ್ನು ಅವರ ಮಾತಿನಲ್ಲೇ ಬರೆದುಕೊಂಡು, ಸಹಿ ಹಾಕಿಸಿ ಮನೆಯಲ್ಲಿಡಿ. ಅದಕ್ಕೆ ಬೇರೆ ಅರ್ಜಿ ಆಮೇಲೆ ಹಾಕಬಹುದು.

ಅಸಲು ಈಗಲೇ ಕಳಿಸಬೇಡಿ. ದೃಢೀಕರಿಸಿದ ಜೆರಾಕ್ಸ್ ಸಾಕು. ನಮೂದು ಮಾಡಲು ಅಸಲೇ ಬೇಕು ಅಂತ ಅವರು ಬರೆದು ಕೇಳಿದರೆ, ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಂಡು, ನೀವೇ ಹೋಗಿ ಕೈಯಲ್ಲಿ ಕೊಟ್ಟು, ರಸೀದಿ ತಗೊಂಡು ಬನ್ನಿ. ಅಸಲನ್ನು ಪೋಸ್ಟ್‌ಗೆ ಹಾಕಬೇಡಿ.