ಗೃಹಜ್ಯೋತಿಯ ಮನೆಗಳಲ್ಲಿ ವಿದ್ಯುತ್ ಉಳಿತಾಯ: ನೆರೆಮನೆಯ ಯೂನಿಟ್ ತೋರಿಸುವುದು ಸರಿಯೇ?

ಬಿಜೈ ನಿವಾಸಿ, ಮಂಗಳೂರು

ನಮ್ಮದು 24 ಮನೆಗಳ ವಸತಿ ಸಮುಚ್ಚಯ. ಅದರ ಸಂಘದ ಕಾರ್ಯದರ್ಶಿ ನಾನು. ಗೃಹಜ್ಯೋತಿ ಬಂದ ಮೇಲೆ ಹೆಚ್ಚಿನ ಮನೆಗಳಿಗೆ ಮೆಸ್ಕಾಂನಿಂದ ಶೂನ್ಯ ಬಿಲ್ಲೇ ಬರುತ್ತಿರುವುದರಿಂದ, ಹಣ ಉಳಿಯುತ್ತದೆ ಎಂಬ ಮಾತಿಗೆ ಯಾರೂ ಕಿವಿಗೊಡುವುದಿಲ್ಲ. ಆದುದರಿಂದ ಏಪ್ರಿಲ್‌ನಲ್ಲಿ, ಎಲ್ಲರ ಒಪ್ಪಿಗೆ ಪಡೆದು, ಪ್ರತಿ ಮನೆಯ ಯೂನಿಟ್ಟುಗಳನ್ನೂ ಒಟ್ಟು ಸರಾಸರಿಯನ್ನೂ ಬರೆದ ಪಟ್ಟಿಯೊಂದನ್ನು ಲಿಫ್ಟಿನ ಪಕ್ಕ ಅಂಟಿಸಿದೆ. ಮೇ ತಿಂಗಳಲ್ಲಿ, ಅತಿ ಹೆಚ್ಚು ಬಳಸುತ್ತಿದ್ದ ಮೂರು ಮನೆಗಳು ತುಸು ಇಳಿದವು. ಕಡಿಮೆ ಬಳಸುತ್ತಿದ್ದವರು ಮಾತ್ರ ಏರಿದರು. ಎರಡನೆಯ ಮಹಡಿಯಲ್ಲಿ ಒಬ್ಬರೇ ಇರುವ ಹಿರಿಯ ಮಹಿಳೆಯೊಬ್ಬರು 62ರಿಂದ 90 ಯೂನಿಟ್ಟಿಗೆ ಬಂದರು. ವಿಚಾರಿಸಿದಾಗ, "ಎಲ್ಲರೂ ಇಷ್ಟು ಉರಿಸುವಾಗ ನಾನೊಬ್ಬಳು ಸೆಕೆಯಲ್ಲಿ ಬೇಯುವುದು ಯಾಕೆ ಮಾರಾಯರೇ" ಎಂದರು. ಪಟ್ಟಿಯನ್ನು ತೆಗೆದುಬಿಡುವುದೇ, ತಿದ್ದುವುದೇ?

ಅರ್ಥಶಾಸ್ತ್ರ ಉಪನ್ಯಾಸಕಿ, ಉಡುಪಿ

ಮೊದಲಿಗೆ, ಏಪ್ರಿಲನ್ನು ಮೇ ಜೊತೆ ಹೋಲಿಸಬೇಡಿ. ಕಳೆದ ವರ್ಷದ ಮೇ ತಿಂಗಳ ಬಿಲ್ಲಿನೊಂದಿಗೆ ಹೋಲಿಸಿದರೆ, ಏರಿಕೆಯಲ್ಲಿ ಸೆಕೆಯ ಪಾಲೆಷ್ಟು, ಪಟ್ಟಿಯ ಪಾಲೆಷ್ಟು ಎಂಬುದು ಸ್ವಲ್ಪವಾದರೂ ತಿಳಿಯುತ್ತದೆ. ಆದರೆ ನೀವು ಕಂಡದ್ದು ಹೊಸತೇನಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಊರಿನಲ್ಲಿ ಶುಲ್ಟ್ಸ್ ಮತ್ತು ಸಂಗಡಿಗರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆರೆಹೊರೆಯ ಸರಾಸರಿಯನ್ನು ತಿಳಿಸಿದಾಗ ಹೆಚ್ಚು ಬಳಸುವವರು ಇಳಿದರು, ಕಡಿಮೆ ಬಳಸುವವರು ಏರಿದರು. ಸರಾಸರಿ ಎಂಬುದು ಇಬ್ಬರನ್ನೂ ತನ್ನತ್ತ ಎಳೆಯುತ್ತದೆ. ಕಡಿಮೆ ಬಳಸಿದವರ ಚೀಟಿಯ ಮೇಲೆ ಒಂದು ನಗುಮುಖವನ್ನು ಬರೆದುಕೊಟ್ಟಾಗ, ಅಂದರೆ ನೀವು ಮಾಡುತ್ತಿರುವುದು ಒಳ್ಳೆಯದು ಎಂಬ ಮೆಚ್ಚುಗೆ ಸೇರಿದಾಗ, ಆ ಏರಿಕೆ ನಿಂತಿತು. ಮುಂದೆ ಅಮೆರಿಕದ ಲಕ್ಷಾಂತರ ಮನೆಗಳಿಗೆ ಇಂಥ ಹೋಲಿಕೆಯ ಪತ್ರಗಳನ್ನು ಕಳುಹಿಸಿದ್ದನ್ನು ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ ಪರಿಶೀಲಿಸಿದಾಗ ಸಿಕ್ಕ ಸರಾಸರಿ ಉಳಿತಾಯ ಶೇಕಡಾ 2. ಆದುದರಿಂದ ದೊಡ್ಡ ಇಳಿಕೆಯನ್ನು ನಿರೀಕ್ಷಿಸಬೇಡಿ.

ಗೋಡೆಯ ಪಟ್ಟಿ ತೆಗೆದು, ಪ್ರತಿ ಮನೆಗೂ ಪ್ರತ್ಯೇಕ ಚೀಟಿ ಕೊಡಿ. ಆ ಹಿರಿಯರ ಫ್ಯಾನಿನ ಗಾಳಿಯನ್ನು ಮಾತ್ರ ನಮ್ಮ ಲೆಕ್ಕಕ್ಕೆ ತರಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಕರಾವಳಿಯ ಮೇ ತಿಂಗಳಲ್ಲಿ ಅದು ಅವರ ಆರೋಗ್ಯದ ಪ್ರಶ್ನೆ.

ಏಸಿ ರಿಪೇರಿ ಕೆಲಸದವರು, ಮಣಿಪಾಲ

ಚೀಟಿಗಿಂತ ರಿಮೋಟ್ ಮುಖ್ಯ ಎಂದು ನನ್ನ ಅನುಭವ ಹೇಳುತ್ತದೆ. 2020ರ ಜನವರಿಯಿಂದ, ಸ್ಟಾರ್ ಲೇಬಲ್ ಇರುವ ಕೋಣೆ ಏಸಿಗಳು ಮೊದಲೇ 24 ಡಿಗ್ರಿಗೆ ಹೊಂದಿಸಿಕೊಂಡೇ ಬರಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತೆಯ ಕೇಂದ್ರ ಸಂಸ್ಥೆಯ ಅಂದಾಜು. ಹಳೆಯ ಏಸಿಗಳ ಕಥೆ ಬೇರೆ. ಸರ್ವಿಸಿಗೆ ಹೋದ ಮನೆಯೊಂದರಲ್ಲಿ ರಿಮೋಟ್ 18ರಲ್ಲಿತ್ತು, ಮಂಚದ ಮೇಲೆ ಎರಡು ದಪ್ಪ ಹೊದಿಕೆಗಳಿದ್ದವು. ಕೇಳಿದರೆ, ಅಂಗಡಿಯವರು ಜೋಡಿಸಿದ ದಿನ ಹಾಗೆ ಇಟ್ಟು ಹೋದರು, ಮತ್ತೆ ಯಾರೂ ಮುಟ್ಟಿಲ್ಲ ಎಂದರು. ನಾನು ಕೇಳಿ 25ಕ್ಕೆ ಏರಿಸಿ ಫ್ಯಾನ್ ಹಾಕಿಕೊಟ್ಟೆ. ಮುಂದಿನ ವರ್ಷ ಹೋದಾಗಲೂ 25ರಲ್ಲೇ ಇತ್ತು. ಗೀಸರಿನದೂ ಹಾಗೆಯೇ: 2000 ವಾಟಿನ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್ ಹೋಗುತ್ತದೆ. ಸಂಘದ ವತಿಯಿಂದ ಒಂದೇ ದಿನ ಎಲ್ಲ ಮನೆಗಳಿಗೂ ಸರ್ವಿಸ್ ಮಾಡಿಸಿ, ಬೇಡವೆಂದವರನ್ನು ಬಿಟ್ಟು ಉಳಿದವರಿಗೆ ಹೊಂದಿಸಿಕೊಡಿ.

ಗೃಹಿಣಿ, ಸುರತ್ಕಲ್

ಬಿಲ್ಲು ಶೂನ್ಯವಾದರೂ ಹಣದ ಲೆಕ್ಕ ಪೂರ್ತಿ ಹೋಗಿಲ್ಲ. 2022-23ರ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿದ ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್ಟಿಗೆ ಹಣ ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ಲು ನಮ್ಮದೇ. ಸಿಕ್ಕಿದ್ದು ಕೈತಪ್ಪುತ್ತದೆ ಎಂಬ ಭಯ, ಉಳಿತಾಯದ ಆಸೆಗಿಂತ ಬಲವಾದದ್ದು. ಆದರೆ ತಿಂಗಳ ಕೊನೆಗೆ ತಿಳಿದು ಏನು ಪ್ರಯೋಜನ? ನಮ್ಮ ಮೀಟರ್ ಕೆಳಗಿನ ಪೆಟ್ಟಿಗೆಯಲ್ಲಿದೆ. ರೀಡಿಂಗ್ ಆದ ಹದಿನೈದನೆಯ ದಿನ ಮಗ ಫೋಟೊ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ಅರ್ಧ ತಿಂಗಳಿಗೇ 110 ಯೂನಿಟ್ ಆಗಿದೆ ಎಂದು ಕಂಡ ತಿಂಗಳು ಇಸ್ತ್ರಿ, ಗೀಸರ್ ಎರಡಕ್ಕೂ ಎಲ್ಲರೂ ತಾವಾಗಿಯೇ ಲಗಾಮು ಹಾಕಿದರು.

ಬಿಜೈ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಪಟ್ಟಿಯನ್ನು ಇಂದು ಸಂಜೆ ತೆಗೆದೆ. ಕಾವಲುಗಾರರು ಹದಿನೈದನೆಯ ದಿನ ಮೀಟರುಗಳ ಫೋಟೊ ತೆಗೆದು ಆಯಾ ಮನೆಗೆ ಮಾತ್ರ ಕಳುಹಿಸಲು ಒಪ್ಪಿದ್ದಾರೆ. ಎರಡನೆಯ ಮಹಡಿಯವರಿಗೆ ಹಳೆಯ 75 ವಾಟಿನ ಫ್ಯಾನ್ ಬದಲು ಸುಮಾರು 30 ವಾಟಿನ ಬಿಎಲ್‌ಡಿಸಿ ಫ್ಯಾನನ್ನು ಸಂಘದ ಖರ್ಚಿನಲ್ಲಿ ಹಾಕಿಸುವ ಪ್ರಸ್ತಾಪವನ್ನು ಭಾನುವಾರದ ಸಭೆಯಲ್ಲಿ ಇಡುತ್ತೇನೆ.