ಮಗಳು ಓದುತ್ತಿರುವುದು ಲಾ ಅಲ್ಲ, ತತ್ವಶಾಸ್ತ್ರ

ಕಳೆದ ವಾರ ಬ್ರಿಟನ್ನಿನ ಕನ್ನಡಿಗರ ನಮ್ಮ ಗುಂಪಿನಲ್ಲಿ ಒಬ್ಬರು, "ಮಗ ತತ್ವಶಾಸ್ತ್ರದಲ್ಲೇ ಪದವಿ ಮಾಡುತ್ತೇನೆಂದು ಹಟ ಹಿಡಿದಿದ್ದಾನೆ, ಏನು ಮಾಡಲಿ" ಎಂದು ಕೇಳಿದ್ದರು. ಬಂದ ಉತ್ತರಗಳನ್ನೆಲ್ಲ ಓದಿದೆ. ಮುಕ್ಕಾಲು ಪಾಲು "ವೇದಾಂತ ಹೇಳಿದರೆ ಹೊಟ್ಟೆ ತುಂಬುತ್ತದೆಯೇ" ಎಂಬ ಒಂದೇ ಮಾತಿನ ಬೇರೆ ಬೇರೆ ವೇಷಗಳು. ನನ್ನ ಉತ್ತರ ತಡವಾಯಿತು, ಕ್ಷಮಿಸಿ. ಊರಿಗೆ ಬಂದಿದ್ದೇನೆ. ಉಡುಪಿಯ ಕುಂಜಿಬೆಟ್ಟಿನಲ್ಲಿ ಆಟಿ ತಿಂಗಳ ಮಳೆ ಹಿಡಿದುಕೊಂಡಿದೆ, ಕರೆಂಟು ಹೋಗುವುದು ಬರುವುದು ನಡೆದೇ ಇದೆ. ಜೊತೆಗೆ ಬಂದಿರುವ ಮಗಳು ಎಡಿನ್‌ಬರದಲ್ಲಿ ತತ್ವಶಾಸ್ತ್ರದ ಎರಡನೆಯ ವರ್ಷ ಮುಗಿಸಿದ್ದಾಳೆ. ಹಾಗಾಗಿ ನೀರಿಗೆ ಇಳಿದವನ ಮಾತು ಎಂದುಕೊಂಡು ಇದನ್ನು ಓದಿ.

ಮೊದಲು ನನ್ನದೊಂದು ತಪ್ಪೊಪ್ಪಿಗೆ. ಮೊದಲ ವರ್ಷವಿಡೀ ನೆಂಟರಿಗೆಲ್ಲ "ಮಗಳು ಲಾ ಓದುತ್ತಿದ್ದಾಳೆ" ಎಂದು ಹೇಳಿಕೊಂಡು ಬಂದೆ. ಈ ಸಲ ಪತ್ರೊಡೆ ತಿನ್ನುತ್ತಾ ಅತ್ತಿಗೆ ತವರಿನ ಆಸ್ತಿ ಪಾಲಿನ ಸಂದೇಹವೊಂದನ್ನು ಅವಳ ಮುಂದಿಟ್ಟರು. ಮಗಳು ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ. ಅಲ್ಲಿಗೆ ಗುಟ್ಟು ರಟ್ಟಾಯಿತು.

ನಮ್ಮ ಹೆದರಿಕೆಯ ಅರ್ಧ ಭಾಗ ಹೆಸರಿನಿಂದಲೇ ಬರುತ್ತದೆ. ತತ್ವ ಎಂದರೆ ವಯಸ್ಸಾದವರು ಸಾವಿನ ಮನೆಯಲ್ಲಿ ಆಡುವ ಸಮಾಧಾನದ ಮಾತು ಎಂದು ನಾವು ತಿಳಿದಿದ್ದೇವೆ. ವಿಶ್ವವಿದ್ಯಾಲಯದಲ್ಲಿ ಅದು ಬೇರೆಯೇ ಕಸುಬು. ಮೊದಲ ವರ್ಷ ಮಗಳ ಮೇಜಿನ ಮೇಲೆ ಕಂಡದ್ದು ತರ್ಕಶಾಸ್ತ್ರದ ಅಭ್ಯಾಸಗಳು: ಚಿಹ್ನೆಗಳು, ಸತ್ಯಕೋಷ್ಟಕಗಳು, ಥೇಟ್ ಗಣಿತದ ಹಾಗೆ. ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಎಲ್ಲವನ್ನೂ ಸಂದೇಹಿಸಿದ ವಿಷಯದ ಮೇಲೆ ಬರೆದ ಮೊದಲ ಪ್ರಬಂಧದಲ್ಲಿ ಅವಳು ಯಾರು ಏನು ಹೇಳಿದರು ಎಂಬುದನ್ನು ಎಂಟು ಪುಟ ತುಂಬಿಸಿದ್ದಳು. ಅಂಚಿನಲ್ಲಿ ಅಧ್ಯಾಪಕರು ಎರಡೇ ಪ್ರಶ್ನೆ ಗೀಚಿದ್ದರು: ನೀನು ಇದನ್ನು ಒಪ್ಪುತ್ತೀಯಾ? ಏಕೆ? ಅಂಕ ಮಾತ್ರ ಹೇಳಿಕೊಳ್ಳುವಂತಿರಲಿಲ್ಲ. ಶಾಲೆಯುದ್ದಕ್ಕೂ ಮೊದಲ ಸಾಲಿನಲ್ಲಿದ್ದ ಹುಡುಗಿ, ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಇದನ್ನು ದೊಡ್ಡಪ್ಪನಿಗೆ ಹೇಳಿದಾಗ ಅವರು ನಕ್ಕರು. ಎಂಬತ್ತು ದಾಟಿದ ಅವರು ಹುಡುಗರಾಗಿದ್ದಾಗ ಸಂಸ್ಕೃತ ಪಾಠಶಾಲೆಯಲ್ಲಿ ನ್ಯಾಯವೆಂಬ ತರ್ಕಶಾಸ್ತ್ರ, ವೇದಾಂತ ಓದಿದವರು. "ನಮಗೂ ಇದೇ ಪೆಟ್ಟು ಬಿದ್ದಿತ್ತು. ಮೊದಲು ಪೂರ್ವಪಕ್ಷ ಹೇಳು ಎನ್ನುತ್ತಿದ್ದರು. ಎದುರಾಳಿಯ ವಾದವನ್ನು ಅವನಿಗಿಂತ ಗಟ್ಟಿಯಾಗಿ ಹೇಳಲು ಬಾರದವನಿಗೆ ಖಂಡಿಸುವ ಹಕ್ಕಿಲ್ಲ" ಎಂದರು. ಕೆಲವು ಗ್ರಂಥಗಳಲ್ಲಿ ಪೂರ್ವಪಕ್ಷ ಎಷ್ಟು ಚೆನ್ನಾಗಿರುತ್ತದೆಂದರೆ ಹುಡುಗರು ಅಲ್ಲೇ ನಿಂತುಬಿಡುತ್ತಾರಂತೆ. ಜಗಲಿಯ ಮೇಲೆ ಒಂದೇ ಜೊತೆಯ ಎರಡು ಸ್ಟೀಲ್ ಲೋಟಗಳಿದ್ದವು. ಮಗಳು ಅವನ್ನು ತೋರಿಸಿ, "ಗೀರು ಕೂಡ ಒಂದೇ ಥರ ಇದ್ದರೆ ಇವು ಎರಡು ಎಂದು ಹೇಗೆ ಹೇಳುವುದು?" ಎಂದಳು. ಇಲ್ಲೇ ಪಾಜಕದಲ್ಲಿ ಹುಟ್ಟಿದ ಮಧ್ವರು ಹೇಳಿದ ಐದು ಭೇದಗಳಲ್ಲಿ, ಅಂದರೆ ಪಂಚಭೇದದಲ್ಲಿ, ಜಡವಸ್ತುವಿಗೂ ಜಡವಸ್ತುವಿಗೂ ಇರುವ ಭೇದವೂ ಒಂದು. ಭೇದವೆಂಬುದು ಹೊರಗಿನಿಂದ ಅಂಟಿಸಿದ್ದಲ್ಲ, ವಸ್ತುವಿನ ಸ್ವರೂಪವೇ ಅದು ಎಂದು ದೊಡ್ಡಪ್ಪ ಆರಂಭಿಸಿದರು. ಎಲ್ಲ ಗುಣಗಳಲ್ಲೂ ಒಂದೇ ಆಗಿರುವ ಎರಡು ವಸ್ತುಗಳು ಇರಲಾರವು ಎಂದ ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್‌ನನ್ನು ಅವಳು ಎದುರಿಗೆ ತಂದಳು. ಒಂದು ಗಂಟೆ ಕಳೆಯಿತು, ಲೋಟದ ಕಾಫಿ ಆರಿತು. ಅಮ್ಮ ಬಂದು, "ಸಾಕು ವಿತಂಡವಾದ" ಎಂದು ಎರಡನ್ನೂ ಎತ್ತಿಕೊಂಡು ಹೋದರು. ಶಾಸ್ತ್ರದ ಲೆಕ್ಕದಲ್ಲಿ ಅದು ವಿತಂಡವಾಗಿರಲಿಲ್ಲ. ತನ್ನದೆಂಬ ಪಕ್ಷವೇ ಇಲ್ಲದೆ ಬರೀ ಎದುರಿನವನನ್ನು ಕೆಡವುವುದು ವಿತಂಡ. ಇವರಿಬ್ಬರಿಗೂ ಒಂದೊಂದು ಪಕ್ಷವಿತ್ತು. ಆದರೆ ಅಮ್ಮನ ಎದುರು ಇದನ್ನು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆದ್ದರಿಂದ ನಿಮ್ಮ ಮಗನ ವಿಷಯದಲ್ಲಿ ನಾನು ಮೊದಲು ನೋಡುವುದು ಸಂಬಳವನ್ನಲ್ಲ. ಅವನಿಗೆ ಬೇಕಾಗಿರುವುದು ತತ್ವಶಾಸ್ತ್ರವೋ, ತತ್ವಜ್ಞಾನಿ ಎಂಬ ಹೆಸರೋ? ಅವನು ಬಲವಾಗಿ ನಂಬಿರುವ ಒಂದು ವಿಷಯ ಆರಿಸಿ, ಅದಕ್ಕೆ ವಿರುದ್ಧವಾದ ಪಕ್ಷವನ್ನು ಎರಡು ಪುಟ ಬರೆಯಲು ಹೇಳಿ. ಕೂತು ಬರೆದರೆ, ಬರೆಯುತ್ತಾ ಖುಷಿಪಟ್ಟರೆ, ಬಿಡಿ, ಓದಲಿ. "ಆ ಪಕ್ಷದಲ್ಲಿ ಹುರುಳೇ ಇಲ್ಲ" ಎಂದು ಎದ್ದರೆ ನಾಲ್ಕು ವರ್ಷ ಅವನಿಗೂ ಕಷ್ಟ, ಅಧ್ಯಾಪಕರಿಗೂ ಕಷ್ಟ.

ಇನ್ನೊಂದು ಪರೀಕ್ಷೆ ನಮ್ಮೂರಿನವರಿಗೆ ಮಾತ್ರ ಸಾಧ್ಯ: ತಾಳಮದ್ದಳೆಗೆ ಕರೆದುಕೊಂಡು ಹೋಗಿ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿಟ್ಟ ಮೇಲೆ ಇದರದೇ ಕಾಲ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನ ನಾಲ್ಕೈದು ಜನ ಅರ್ಥಧಾರಿಗಳು, ಅಂದರೆ ಪಾತ್ರಗಳ ಮಾತಾಡುವವರು, ಎದುರುಬದುರು ಕುಳಿತು, ಹಾಡುವ ಭಾಗವತರ ಪದ ಮುಗಿದ ಕೂಡಲೇ ಬಾಯಿಗೆ ಬಂದ ಮಾತಿನಲ್ಲೇ ವಾದಿಸುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಮೊನ್ನೆ ಶನಿವಾರ ಮನೆಯ ಹತ್ತಿರದ ಸಭಾಭವನದಲ್ಲಿ ವಾಲಿವಧೆ. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದೆಯಲ್ಲ ಎಂದು ರಾಮನನ್ನು ಕೇಳುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ಅಧರ್ಮಿ ನೀನು, ಅಲ್ಲದೆ ಮೃಗವನ್ನು ಮರೆಯಿಂದ ಹೊಡೆಯುವುದು ಬೇಟೆಯ ಪದ್ಧತಿ ಎಂದು ರಾಮ ಹೇಳುತ್ತಾನೆ. ವಾಲಿಯ ಅರ್ಥಧಾರಿ ಕ್ಷಣಕಾಲ ಸುಮ್ಮನಿದ್ದರು. ಶಾಲು ಸರಿಮಾಡಿಕೊಂಡರು. ಆಮೇಲೆ ದನಿ ಏರಿಸದೆ ಕೇಳಿದರು: "ನಾನು ಮೃಗವಾದರೆ ನನಗೆ ದಾಂಪತ್ಯಧರ್ಮ ಎಲ್ಲಿಯದು? ಆ ಧರ್ಮ ನನಗೂ ಇದೆ ಎಂದಾದರೆ ಬೇಟೆಯ ನ್ಯಾಯ ಎಲ್ಲಿಯದು? ಎರಡರಲ್ಲಿ ಒಂದನ್ನು ಆರಿಸಿಕೋ ರಾಘವ."

ಮಗಳ ಕನ್ನಡ ಅಡುಗೆಮನೆಯ ಕನ್ನಡ. ಪಕ್ಕದಲ್ಲಿ ದೊಡ್ಡಪ್ಪ ಪಿಸುಗುಟ್ಟಿ ಬಿಡಿಸಿ ಹೇಳಬೇಕಾಯಿತು. ಅರ್ಥವಾದ ಕೂಡಲೇ ನೆಟ್ಟಗೆ ಕುಳಿತವಳು ರಾತ್ರಿ ಒಂದು ಗಂಟೆಯವರೆಗೂ ಏಳಲಿಲ್ಲ. ಹದಿನೈದು ವರ್ಷ ಭಾನುವಾರದ ಕನ್ನಡ ತರಗತಿಗೆ ಎಳೆದುಕೊಂಡು ಹೋದ ನಾನು ಮಾಡಲಾಗದ್ದನ್ನು ವಾಲಿ ಮಾಡಿದ. ಈಗ ದಿನಕ್ಕೆ ಹತ್ತು ಕನ್ನಡ ಪದ ಕೇಳಿ ಬರೆದುಕೊಳ್ಳುತ್ತಿದ್ದಾಳೆ.

ಇನ್ನು ಹೊಟ್ಟೆಯ ವಿಷಯ. ಈ ಪದವಿ ವೈದ್ಯಕೀಯದ ಹಾಗೆ ನೇರವಾಗಿ ಕೆಲಸಕ್ಕೆ ಕೊಂಡೊಯ್ಯುವುದಿಲ್ಲ, ಆ ಭ್ರಮೆ ಬೇಡ. ಎಡಿನ್‌ಬರದ ರಾಯಲ್ ಮೈಲ್ ಬೀದಿಯಲ್ಲಿ ತತ್ವಜ್ಞಾನಿ ಡೇವಿಡ್ ಹ್ಯೂಮನ ಪ್ರತಿಮೆ ಇದೆ. ಮೂಢನಂಬಿಕೆಗಳನ್ನು ಜರೆದ ಆತನ ಕಾಲ್ಬೆರಳನ್ನು ಅದೃಷ್ಟಕ್ಕೆಂದು ಉಜ್ಜಿ ಉಜ್ಜಿ ಜನ ಹೊಳೆಯಿಸಿದ್ದಾರೆ. ಆ ಹ್ಯೂಮನಿಗೇ 1745ರಲ್ಲಿ ಎಡಿನ್‌ಬರದಲ್ಲಿ ಪ್ರಾಧ್ಯಾಪಕ ಹುದ್ದೆ ತಪ್ಪಿತು. ಗ್ರಂಥಪಾಲಕನಾಗಿ ಇಂಗ್ಲೆಂಡಿನ ಇತಿಹಾಸ ಬರೆದು ದುಡ್ಡು ಮಾಡಿಕೊಂಡ. ಇಂದಿನ ಸ್ಥಿತಿ ಅಷ್ಟು ಕೆಟ್ಟದ್ದಲ್ಲ. ಬ್ರಿಟನ್ನಿನಲ್ಲಿ ಅನೇಕ ಕೆಲಸಗಳಿಗೆ ಯಾವ ವಿಷಯದ ಪದವಿಯಾದರೂ ನಡೆಯುತ್ತದೆ. ಇಂಗ್ಲೆಂಡಿನಲ್ಲಿ 2021ರ ಹೊಸ ಪದ್ಧತಿಯಲ್ಲೂ ಸಾಲಿಸಿಟರ್ ಎಂಬ ವಕೀಲರಾಗಲು ಕಾನೂನು ಪದವಿಯೇ ಬೇಕೆಂದಿಲ್ಲ. ಸ್ಕಾಟ್ಲೆಂಡಿನಲ್ಲಾದರೆ ಪದವೀಧರರಿಗೆ ಎರಡು ವರ್ಷದ ಕಾನೂನು ಪದವಿ ಇದೆ. ನೋಡಿ, ನನ್ನ ಸುಳ್ಳು ಪೂರ್ತಿ ಸುಳ್ಳಾಗದೆಯೂ ಇರಬಹುದು. ಭಾರತಕ್ಕೆ ಮರಳುವ ಯೋಚನೆಯಿದ್ದರೆ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ತತ್ವಶಾಸ್ತ್ರ ಒಂದು ಐಚ್ಛಿಕ ವಿಷಯ, ಎರಡು ಪತ್ರಿಕೆ, ಒಟ್ಟು 500 ಅಂಕ.

ಸ್ಕಾಟ್ಲೆಂಡಿನ ಆನರ್ಸ್ ಪದವಿ ನಾಲ್ಕು ವರ್ಷ, ಮೊದಲೆರಡು ವರ್ಷ ಬೇರೆ ವಿಷಯಗಳನ್ನೂ ಓದಬಹುದು. ಮಗಳು ಅರ್ಥಶಾಸ್ತ್ರ ತೆಗೆದುಕೊಂಡದ್ದು ಅವಳ ಅಮ್ಮನ ಸಮಾಧಾನಕ್ಕೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮೂರು ವರ್ಷ. ಆಕ್ಸ್‌ಫರ್ಡ್‌ನಲ್ಲಿ ಬರೀ ತತ್ವಶಾಸ್ತ್ರದ ಪದವಿ ಇಲ್ಲ, ಗಣಿತವೋ ಭೌತಶಾಸ್ತ್ರವೋ ರಾಜಕೀಯ-ಅರ್ಥಶಾಸ್ತ್ರವೋ ಜೊತೆಗಿರಬೇಕು. ಕೇಂಬ್ರಿಡ್ಜ್‌ನಲ್ಲಿ ಒಂಟಿಯಾಗಿಯೂ ಓದಬಹುದು. ಶುಲ್ಕದಲ್ಲಿ ನಿಜವಾದ ಪೆಟ್ಟು ವಿಷಯದಿಂದ ಬರುವುದಿಲ್ಲ, ವೀಸಾದಿಂದ ಬರುತ್ತದೆ. ಸ್ಥಳೀಯರೆಂದು ಪರಿಗಣಿಸಿದರೆ ಇಂಗ್ಲೆಂಡಿನಲ್ಲಿ 2025-26ರ ಗರಿಷ್ಠ ಶುಲ್ಕ 9,535 ಪೌಂಡ್. ಸ್ಕಾಟ್ಲೆಂಡಿನವರು ಅಲ್ಲೇ ಓದಿದರೆ ಅಲ್ಲಿನ ಸರ್ಕಾರವೇ ಶುಲ್ಕ ಕಟ್ಟುತ್ತದೆ. ಕೆಲಸದ ವೀಸಾದಲ್ಲಿರುವವರ ಮಕ್ಕಳಿಗೆ ಸಾಮಾನ್ಯವಾಗಿ ವಿದೇಶಿ ದರ, ಅದು ಇದರ ಎರಡು ಮೂರು ಪಟ್ಟು ಆಗಬಹುದು.

ಹಾಗಾಗಿ ಪ್ರಶ್ನೆ ಕೇಳಿದವರು ಯಾವ ವೀಸಾದಲ್ಲಿದ್ದೀರಿ, ಮಗ ಈಗ ಶಾಲೆಯಲ್ಲಿ ಎಷ್ಟನೆಯ ವರ್ಷದಲ್ಲಿದ್ದಾನೆ ಎಂಬುದನ್ನು ತಿಳಿಸಿ, ಉಳಿದದ್ದನ್ನು ನಾಳೆ ಬರೆಯುತ್ತೇನೆ. ಇವತ್ತು ರಾತ್ರಿ ಕರ್ಣಪರ್ವದ ತಾಳಮದ್ದಳೆಯಂತೆ. ಅಜ್ಜ ಮೊಮ್ಮಗಳು ಕೊಡೆ ಹಿಡಿದು ಅಂಗಳದಲ್ಲಿ ನಿಂತಿದ್ದಾರೆ, ಕಾರು ನಾನೇ ಓಡಿಸಬೇಕು.