ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಮಲಯಾಳ: ನಾಲ್ಕು ವರ್ಷದ ಮಗುವಿನ ಕಲಿಕೆ ಕುರಿತು ಪ್ರಶ್ನೋತ್ತರ

ಪ್ರಶ್ನೆ: ನಾವು ಕೇರಳದ ಗಡಿಯ ಮಂಜೇಶ್ವರದ ಕಡೆಯವರು. ಮಗಳಿಗೆ ನಾಲ್ಕು ವರ್ಷ ತುಂಬಿದೆ. ಮನೆಮಾತು ತುಳು, ಅಂಗನವಾಡಿಯಲ್ಲಿ ಮಲಯಾಳ, ಮುಂದೆ ಕನ್ನಡ ಮಾಧ್ಯಮ ಶಾಲೆಗೆ ಸೇರಿಸುವ ಆಸೆ. ಓರಗೆಯ ಮಕ್ಕಳು ಎಲ್‌ಕೆಜಿಯಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ಬರೆಯತೊಡಗಿದ್ದಾರೆ. ಇವಳಿಗೆ ಒಂದಕ್ಷರವೂ ಬಾರದು. ಅಂಗನವಾಡಿಯಲ್ಲಿ ಏನು ಕೇಳಿದರೂ ಸುಮ್ಮನಿರುತ್ತಾಳಂತೆ. ಇವಳು ಹಿಂದೆ ಬಿದ್ದಿದ್ದಾಳೆಯೇ?

ಉತ್ತರ: ನೀವು ಬರೆದಿರುವುದರಲ್ಲಿ ಅಂಥ ಲಕ್ಷಣ ನನಗೆ ಕಾಣುವುದಿಲ್ಲ. ಆದರೂ ಮೊದಲು ಇಷ್ಟನ್ನು ನೋಡಿ: ಮನೆಯಲ್ಲಿ ತುಳುವಿನಲ್ಲಿ ಪೂರ್ಣ ವಾಕ್ಯಗಳನ್ನು ಆಡುತ್ತಾಳೆಯೇ, ನೆಂಟರಿಷ್ಟರಿಗೂ ಅವಳ ಮಾತು ತಿಳಿಯುತ್ತದೆಯೇ, ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುತ್ತಾಳೆಯೇ? ಹೌದಾದರೆ ಅಂಗನವಾಡಿಯ ಮೌನವು ಹೊಸ ಭಾಷೆಯನ್ನು ಕಿವಿಗೊಟ್ಟು ಕೇಳುತ್ತಿರುವ ಮಗುವಿನ ಮೌನ. ಅದು ಕೆಲವು ತಿಂಗಳು ಇರುವುದುಂಟು. ಮನೆಯಲ್ಲಿಯೂ ಮಾತು ಕಡಿಮೆಯಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿ.

ಸುಮ್ಮನಿರುವ ಮಗುವಿಗೆ ಗೊತ್ತಿಲ್ಲವೆಂದು ಹಿರಿಯರು ಬೇಗನೆ ತೀರ್ಮಾನಿಸುತ್ತಾರೆ. ಚೆನ್ನೆಮಣೆ ಆಟದ ಮಂಜೊಟ್ಟಿ ಕಾಯಿಗಳು (ಕೆಂಪು ಬೀಜಗಳು) ಮನೆಯಲ್ಲಿದ್ದರೆ ಐದೈದರ ಎರಡು ಸಾಲನ್ನು ಸರಿಸಮವಾಗಿ ಇಟ್ಟು, ಎರಡರಲ್ಲೂ ಒಂದೇ ಲೆಕ್ಕವೇ ಎಂದು ಕೇಳಿ. (ಗುಲಗಂಜಿ ಬೇಡ, ಅದು ವಿಷಬೀಜ, ಮಂಜೊಟ್ಟಿಯನ್ನೂ ಬಾಯಿಗೆ ಹಾಕದಂತೆ ಹತ್ತಿರ ಕುಳಿತಿರಿ.) ಮಗು ಹೌದೆಂದ ಮೇಲೆ ಅವಳ ಕಣ್ಣೆದುರಿನಲ್ಲೇ ಒಂದು ಸಾಲಿನ ಕಾಯಿಗಳನ್ನು ದೂರ ದೂರ ಸರಿಸಿ, ಮತ್ತೆ ಕೇಳಿ. ಉದ್ದದ ಸಾಲಿನಲ್ಲಿ ಹೆಚ್ಚಿದೆ ಎಂದೇ ಈ ವಯಸ್ಸಿನ ಬಹಳಷ್ಟು ಮಕ್ಕಳು ಹೇಳುತ್ತಾರೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಇದನ್ನು ದಡ್ಡತನವೆನ್ನಲಿಲ್ಲ. ಸುಮಾರು ಎರಡರಿಂದ ಏಳು ವರ್ಷದವರೆಗಿನ ಹಂತದಲ್ಲಿ ಕಣ್ಣಿಗೆ ಕಂಡದ್ದೇ ಲೆಕ್ಕವನ್ನು ಆಳುತ್ತದೆ, ಅದು ಆ ವಯಸ್ಸಿನ ಯೋಚನೆಯ ರೀತಿ ಎಂದು ಅವರು ವಿವರಿಸಿದರು.

ಆದರೆ 1970ರ ದಶಕದಲ್ಲಿ ಮನೋವಿಜ್ಞಾನಿಗಳಾದ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದೇ ಪ್ರಯೋಗವನ್ನು ಸ್ವಲ್ಪ ಬದಲಿಸಿದರು. ಸಾಲನ್ನು ದೊಡ್ಡವರು ಸರಿಸುವ ಬದಲು ತುಂಟ ಕರಡಿ ಗೊಂಬೆಯೊಂದು ಬಂದು ಕೆದರಿದಂತೆ ಮಾಡಿದಾಗ, ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಎಷ್ಟೋ ಹೆಚ್ಚು ಮಂದಿ ಸರಿಯಾದ ಉತ್ತರ ಕೊಟ್ಟರು. ದೊಡ್ಡವರೇ ಸರಿಸಿ ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದಾಗ, ಉತ್ತರ ಬದಲಾಗಬೇಕೇನೋ ಎಂದು ಮಗು ಊಹಿಸುತ್ತದೆ ಎಂಬುದು ಅವರ ವಿವರಣೆಯ ತಿರುಳು. ಪ್ರಶ್ನೆಯ ಸಂದರ್ಭ ಮಾತ್ರ ಬದಲಾದಾಗಲೇ ಇಷ್ಟು ವ್ಯತ್ಯಾಸವಾಗುವುದಾದರೆ, ‘ಒಂಜಿ, ರಡ್ಡ್, ಮೂಜಿ’ ಎಂದು ಎಣಿಸುವ ಮಗುವನ್ನು ಮಲಯಾಳದಲ್ಲೋ ಪುಸ್ತಕದ ಕನ್ನಡದಲ್ಲೋ ಪ್ರಶ್ನಿಸಿ ಅದರ ಬುದ್ಧಿಯನ್ನು ಅಳೆಯುವುದು ಎಷ್ಟು ಸರಿ? ನಿಮ್ಮ ಮಗಳಿಗೆ ಏನು ತಿಳಿದಿದೆ ಎಂಬುದನ್ನು ತುಳುವಿನಲ್ಲಿ ಕೇಳಿಯೇ ನಿರ್ಧರಿಸಿ.

ಬರವಣಿಗೆಗೆ ಅವಸರ ಬೇಡ. 1907ರಲ್ಲಿ ರೋಮ್ ನಗರದಲ್ಲಿ ‘ಮಕ್ಕಳ ಮನೆ’ ಎಂಬ ಶಿಶುಶಾಲೆಯನ್ನು ತೆರೆದ ಮರಿಯಾ ಮಾಂಟೆಸ್ಸೊರಿ ಪೆನ್ಸಿಲಿಗಿಂತ ಮೊದಲು ಕೈಯನ್ನು ಸಿದ್ಧಗೊಳಿಸಿದರು: ಸಣ್ಣ ಹಿಡಿಯಿರುವ ಮರದ ಸಿಲಿಂಡರುಗಳನ್ನು ಬೆರಳ ತುದಿಯಲ್ಲಿ ಎತ್ತಿಡುವುದು, ಮರಳು ಕಾಗದದ ಅಕ್ಷರಗಳ ಮೇಲೆ ಬೆರಳಾಡಿಸುವುದು. ಹೂ ಕಟ್ಟುವುದು, ಅವರೆಕಾಳು ಬಿಡಿಸುವುದು, ಅಂಗಳದ ಮಣ್ಣಿನಲ್ಲಿ ಗೆರೆ ಎಳೆಯುವುದು ನಿಮ್ಮ ಮನೆಯಲ್ಲಿ ಅದೇ ಕೆಲಸವನ್ನು ಮಾಡುತ್ತವೆ.

ಪ್ರಶ್ನೆ: ನಾನು ಬದಿಯಡ್ಕ ಕಡೆಯ ಅಂಗನವಾಡಿ ಶಿಕ್ಷಕಿ. ನನ್ನಲ್ಲಿ ತುಳು, ಹವ್ಯಕ ಕನ್ನಡ, ಮರಾಟಿ, ಬ್ಯಾರಿ, ಮಲಯಾಳ ಮಾತಾಡುವ ಮಕ್ಕಳಿದ್ದಾರೆ. ಎಲ್ಲ ಭಾಷೆಗಳೂ ನನಗೆ ಬಾರವು. ನಾನೇನು ಮಾಡಬೇಕು?

ಉತ್ತರ: ಎಲ್ಲವನ್ನೂ ನೀವೊಬ್ಬರೇ ಆಡಬೇಕಾಗಿಲ್ಲ. ಮಗು ಒಂಟಿಯಾಗಿ ಮಾಡಲಾರದ, ಆದರೆ ಬಲ್ಲವರು ಜೊತೆಗಿದ್ದರೆ ಮಾಡಬಲ್ಲ ಕೆಲಸಗಳ ವಲಯದಲ್ಲೇ ಕಲಿಸುವಿಕೆಗೆ ಫಲವಿದೆ ಎಂದು ರಷ್ಯಾದ ಮನೋವಿಜ್ಞಾನಿ ಲೆವ್ ವೈಗೊಟ್‌ಸ್ಕಿ (1896–1934) ಪ್ರತಿಪಾದಿಸಿದರು. ಬಲ್ಲವರು ಎಂದರೆ ಶಿಕ್ಷಕಿಯೇ ಆಗಬೇಕೆಂದಿಲ್ಲ. ಮೂರರ ಮಗುವಿನ ಪಕ್ಕದಲ್ಲಿ ಅದೇ ಮನೆಮಾತಿನ ಐದರ ಮಗುವನ್ನು ಕೂರಿಸಿ. ವಾರಕ್ಕೊಮ್ಮೆ ಒಬ್ಬ ಅಜ್ಜಿಯನ್ನು ಕರೆದು ಅವರ ಭಾಷೆಯಲ್ಲೇ ಕಥೆ ಹೇಳಿಸಿ. ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಶಿಶುಶಿಕ್ಷಣವನ್ನು ಆದಿವಾಸಿಗಳ ಅಂಗಳಕ್ಕೇ ಕೊಂಡೊಯ್ದು, ಅಲ್ಲಿ ಸಿಗುವ ವಸ್ತುಗಳಿಂದಲೇ ಕಲಿಸಿದರು. 1975ರಲ್ಲಿ ಆರಂಭವಾದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆಯಡಿ ನಡೆಯುವ ನಿಮ್ಮ ಕೇಂದ್ರಕ್ಕೂ ಆ ದಾರಿ ಹೊಂದುತ್ತದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಆಟದ ಮಧ್ಯೆ ಮಗು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದರೆ ಅದನ್ನು ಸುಮ್ಮನಾಗಿಸಬೇಡಿ. ಈ ಸ್ವಗತ ಬೆಳೆದಂತೆ ಮರೆಯಾಗುತ್ತದೆ ಎಂದು ಪಿಯಾಜೆ ಭಾವಿಸಿದ್ದರು. ಅದು ಮರೆಯಾಗುವುದಿಲ್ಲ, ಒಳಗಿಳಿದು ಯೋಚನೆಯಾಗುತ್ತದೆ ಎಂದು ವೈಗೊಟ್‌ಸ್ಕಿ ವಾದಿಸಿದರು. ಕೆಲಸ ಕಷ್ಟವಾದಷ್ಟೂ ಆ ಮಾತು ಹೆಚ್ಚುವುದನ್ನು ಅವರು ಗಮನಿಸಿದ್ದರು. ಮರದ ತುಂಡುಗಳನ್ನು ಪೇರಿಸುತ್ತಾ ‘ಇದು ಬೀಳುತ್ತದೆ, ದೊಡ್ಡದನ್ನು ಕೆಳಗಿಡಬೇಕು’ ಎಂದು ತನ್ನ ಭಾಷೆಯಲ್ಲಿ ಗೊಣಗುವ ಮಗುವಿಗೆ ‘ಮಲಯಾಳದಲ್ಲಿ ಹೇಳು’ ಎಂದರೆ ನಿಲ್ಲುವುದು ಅದರ ಯೋಚನೆಯೇ.

ಪ್ರಶ್ನೆ: ಮೂರ್ನಾಲ್ಕು ಭಾಷೆ ಒಟ್ಟಿಗೆ ಕೇಳಿದರೆ ಮಗು ಗೊಂದಲಕ್ಕೆ ಬೀಳುವುದಿಲ್ಲವೇ? ಮನೆಯಲ್ಲಿ ಇಂಗ್ಲಿಷ್ ಆಡತೊಡಗಿದರೆ ಮುಂದೆ ಸುಲಭವಲ್ಲವೇ?

ಉತ್ತರ: ಗೊಂದಲಕ್ಕೆ ಬೀಳುವುದಿಲ್ಲ. ಒಂದು ಭಾಷೆಯ ವಾಕ್ಯದಲ್ಲಿ ಇನ್ನೊಂದರ ಪದ ಬೆರೆಯುವುದು ಬಹುಭಾಷಿಕ ಮಕ್ಕಳಲ್ಲಿ ಸಹಜ. ನೀವು ಯಾವ ಭಾಷೆಯಲ್ಲಿ ಲಾಲಿ, ಗದರಿಕೆ, ಕಥೆ, ಊರ ಸುದ್ದಿ ಎಲ್ಲವನ್ನೂ ತಡವರಿಸದೆ ಹೇಳಬಲ್ಲಿರೋ ಅದೇ ಭಾಷೆಯಲ್ಲಿ ಮಗುವಿನೊಡನೆ ಮಾತಾಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಸ್ಥಳೀಯ ಭಾಷೆಯಲ್ಲಿ ಕಲಿಸಬೇಕೆನ್ನುತ್ತದೆ. ಕನ್ನಡ ಶಾಲೆಗೆ ಸೇರಿಸುವವರು ಈಗಿನಿಂದಲೇ ದಿನವೂ ಒಂದು ಕನ್ನಡ ಕಥೆಯನ್ನು ಓದಿ ಹೇಳಿ, ಅದರ ಬಗ್ಗೆ ಮಗು ತುಳುವಿನಲ್ಲಿ ಕೇಳಿದ್ದಕ್ಕೆ ತುಳುವಿನಲ್ಲೇ ಉತ್ತರಿಸಿ.